ಫೋಟೋಗಳಿಗೆ ಹ್ಯಾಶ್‌ಟ್ಯಾಗ್: ಬೆಂಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಊರು ಸುತ್ತಿ ಫೋಟೋ ತೆಗೆಯುವ ಸಣ್ಣ ಗುಂಪು ನಮ್ಮದು. ಬಸವನಗುಡಿ, ಚಿಕ್ಕಪೇಟೆ, ಮಲ್ಲೇಶ್ವರ, ಒಮ್ಮೊಮ್ಮೆ ಬೇಗೂರಿನವರೆಗೂ ಹೋಗುತ್ತೇವೆ. ಹೆಚ್ಚಿನವರ ಕೈಯಲ್ಲಿರುವುದು ಫೋನ್ ಮಾತ್ರ. ಸುತ್ತಾಟ ಮುಗಿದು ಇಡ್ಲಿ ಕಾಫಿಗೆ ನಿಂತಾಗ ಹೊಸಬರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಪ್ರತಿ ಸಲ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿದ್ದೇನೆ.

ಹ್ಯಾಶ್‌ಟ್ಯಾಗ್ ಅಂದರೆ ನಿಜವಾಗಿ ಏನು?

# ಗುರುತು ಹಾಕಿ, ಅದಕ್ಕೆ ಅಂಟಿಸಿ, ನಡುವೆ ಜಾಗ ಬಿಡದೆ ಬರೆದ ಪದ. ಆ ಪದವನ್ನು ಒತ್ತಿದರೆ ಅದೇ ಪದ ಹಾಕಿರುವ ಬೇರೆಯವರ ಫೋಟೋಗಳೂ ಕಾಣುತ್ತವೆ. ಬಸ್ಸಿನ ಮುಂದಿನ ಬೋರ್ಡನ್ನು ನೆನಪಿಸಿಕೊಳ್ಳಿ. ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಡ್ರೈವರಿಗೆ ಗೊತ್ತೇ ಇರುತ್ತದೆ. ಬೋರ್ಡು ಬೇಕಿರುವುದು ನಿಲ್ದಾಣದಲ್ಲಿ ಕಾಯುತ್ತಿರುವವರಿಗೆ. ಹ್ಯಾಶ್‌ಟ್ಯಾಗ್ ಕೂಡ ಹಾಗೇ, ಹುಡುಕುತ್ತಾ ಬರುವವರಿಗಾಗಿ ಹಾಕುವಂಥದ್ದು. ಯಾವ ಪದ ಹಾಕಬೇಕು ಅಂತ ಅನುಮಾನ ಬಂದಾಗಲೆಲ್ಲ ನಾನು ಕೇಳಿಕೊಳ್ಳುವುದು ಇಷ್ಟೇ: ಈ ಫೋಟೋ ಬೇಕಾದವರು ಏನಂತ ಟೈಪ್ ಮಾಡುತ್ತಾರೆ?

ಇದು ಎಲ್ಲಿಂದ ಬಂತು?

2007ರ ಆಗಸ್ಟ್ 23ರಂದು ಕ್ರಿಸ್ ಮೆಸಿನಾ ಎಂಬವರು ಟ್ವಿಟರ್‌ನಲ್ಲಿ ಒಂದು ಸಲಹೆ ಕೊಟ್ಟರು. ಒಂದೇ ವಿಷಯದ ಮಾತುಗಳನ್ನು ಗುಂಪು ಮಾಡಲು # ಗುರುತು ಬಳಸಬಹುದಲ್ವಾ ಅಂತ. 1988ರಲ್ಲಿ ಹುಟ್ಟಿದ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆಯಲ್ಲಿ ಚಾನೆಲ್‌ಗಳ ಹೆಸರಿನ ಮುಂದೆ ಇದೇ ಗುರುತು ಇರುತ್ತಿತ್ತು. 2007ರ ಅಕ್ಟೋಬರ್‌ನಲ್ಲೇ ಅಮೆರಿಕದ ಸ್ಯಾನ್ ಡಿಯಾಗೋ ಸುತ್ತ ಕಾಡ್ಗಿಚ್ಚು ಹಬ್ಬಿದಾಗ ಜನ ಒಂದೇ ಹ್ಯಾಶ್‌ಟ್ಯಾಗ್ ಹಾಕಿ ಸುದ್ದಿ ಹಂಚಿಕೊಂಡರು. ಇದರ ಉಪಯೋಗ ಎಲ್ಲರಿಗೂ ಕಂಡದ್ದು ಆಗ. ಫೋಟೋಗಳ ಮಟ್ಟಿಗೆ ಇನ್ನೂ ಹಳೆಯ ಕಥೆ ಇದೆ. 2004ರಲ್ಲಿ ಶುರುವಾದ ಫ್ಲಿಕರ್ ಎಂಬ ಫೋಟೋ ಹಂಚುವ ತಾಣದಲ್ಲಿ # ಇಲ್ಲದ ಟ್ಯಾಗ್‌ಗಳಿದ್ದವು. ಇನ್‌ಸ್ಟಾಗ್ರಾಂಗೆ ಹ್ಯಾಶ್‌ಟ್ಯಾಗ್ ಬಂದದ್ದು 2011ರ ಜನವರಿಯಲ್ಲಿ, ಫೇಸ್‌ಬುಕ್‌ಗೆ 2013ರಲ್ಲಿ.

ಕನ್ನಡ ಅಕ್ಷರದಲ್ಲಿ ಹಾಕಿದರೆ ಕೆಲಸ ಮಾಡುತ್ತದೆಯಾ?

ಖಂಡಿತ ಮಾಡುತ್ತದೆ. ದಯವಿಟ್ಟು ಹಾಕಿ. ನನಗೆ ಈ ಪುಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಆದರೆ ಕನ್ನಡಕ್ಕೇ ಇರುವ ಕೆಲವು ತೊಡಕುಗಳಿವೆ. ಇಂಗ್ಲಿಷಿನಲ್ಲಿ ಬರೆದ ಸಲಹೆಗಳಲ್ಲಿ ಇವು ಸಿಗುವುದಿಲ್ಲ, ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮೊದಲನೆಯದು ವಿಭಕ್ತಿ. ನಾವು ಮಾತಾಡುವಾಗ ಪದದ ಕೊನೆಗೆ ‘ಅಲ್ಲಿ’, ‘ಇಂದ’, ‘ಗೆ’ ಸೇರಿಸುತ್ತೇವೆ. ವಾಕ್ಯದ ಮಧ್ಯೆ ‘ಇವತ್ತು #ಬಸವನಗುಡಿಯಲ್ಲಿ’ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಯಂತ್ರಕ್ಕೆ #ಬಸವನಗುಡಿಯಲ್ಲಿ ಬೇರೆ, #ಬಸವನಗುಡಿ ಬೇರೆ. ನಿಮ್ಮ ಫೋಟೋ ಒಂಟಿಯಾಗಿ ಎಲ್ಲೋ ಕೂತಿರುತ್ತದೆ. ಹಾಗಾಗಿ ವಾಕ್ಯವನ್ನು ಸಹಜವಾಗಿ ಬರೆದು ಮುಗಿಸಿ, ಕೊನೆಯಲ್ಲಿ ಪ್ರತ್ಯೇಕವಾಗಿ ಬರಿ ಹೆಸರು ಹಾಕಿ.

ಎರಡನೆಯದು ಸೊನ್ನೆ. ‘ಬೆಂಗಳೂರು’ ಬರೆಯುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತುವವರು ತುಂಬಾ ಜನ ಇದ್ದಾರೆ. ಬೆಂಗಳೂರು, ಬೆ೦ಗಳೂರು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಎರಡೂ ಬೇರೆ ಬೇರೆ ಅಕ್ಷರ. ಎರಡನೆಯದನ್ನು ಹಾಕಿದ ಫೋಟೋ ಮೊದಲನೆಯದರ ಸಾಲಿನಲ್ಲಿ ಬರುವುದಿಲ್ಲ. ಅಂಕಿಗಳೂ ಹಾಗೇ: ೨೦೨೫ ಮತ್ತು 2025 ಒಂದೇ ಅಲ್ಲ. ಗುಂಪಾಗಿ ಕೆಲಸ ಮಾಡುವಾಗ ಯಾವುದನ್ನು ಬಳಸುತ್ತೀರಿ ಅಂತ ಮೊದಲೇ ಮಾತಾಡಿಕೊಳ್ಳಿ.

ಮೂರನೆಯದು ಕಾಣದ ಅಕ್ಷರ. ‘ಲಾಲ್‌ಬಾಗ್’ ಅಂತ ಬರೆದಾಗ ‘ಲ್’ ಮತ್ತು ‘ಬಾ’ ಒತ್ತಕ್ಷರವಾಗಿ ಸೇರದಿರಲಿ ಅಂತ ಕೀಬೋರ್ಡ್ ನಡುವೆ ಒಂದು ಕಾಣದ ಗುರುತು ಇಡುತ್ತದೆ. ಅದು ಇದ್ದರೆ ಒಂದು ಪದ, ಇಲ್ಲದಿದ್ದರೆ ಇನ್ನೊಂದು. ಎಲ್ಲ ಆ್ಯಪ್‌ಗಳೂ ಅದನ್ನು ಒಂದೇ ರೀತಿ ನೋಡುವುದಿಲ್ಲ. ನಾನು ಇಂಥ ಕಡೆ ಅಡಿಗೆರೆ ಹಾಕುತ್ತೇನೆ: #ಲಾಲ್_ಬಾಗ್. ಪೋಸ್ಟ್ ಹಾಕಿದ ಮೇಲೆ ಇಡೀ ಪದದ ಬಣ್ಣ ಬದಲಾಗಿದೆಯಾ ಅಂತ ಒಮ್ಮೆ ನೋಡಿ. ಅರ್ಧ ಮಾತ್ರ ನೀಲಿಯಾಗಿದ್ದರೆ ಟ್ಯಾಗ್ ಅಲ್ಲಿಗೇ ತುಂಡಾಗಿದೆ.

ಇನ್ನೊಂದು, ಹಿರಿಯರಿಗೆ ಮಾತ್ರ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ವಿವರಗಳನ್ನು ನೇರವಾಗಿ ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತವೆ. ಮೊದಲು ಯೂನಿಕೋಡ್‌ಗೆ, ಅಂದರೆ ಈಗಿನ ಫೋನ್, ಕಂಪ್ಯೂಟರ್‌ಗಳೆಲ್ಲ ಓದುವ ಅಕ್ಷರ ವ್ಯವಸ್ಥೆಗೆ, ಬದಲಾಯಿಸಿಕೊಳ್ಳಬೇಕು.

#ಕೆ.ಆರ್.ಮಾರ್ಕೆಟ್ ಅಂತ ಹಾಕಿದೆ, ಬರೀ ‘ಕೆ’ ಮಾತ್ರ ಟ್ಯಾಗ್ ಆಯಿತು. ಯಾಕೆ?

ಚುಕ್ಕಿ. ಹ್ಯಾಶ್‌ಟ್ಯಾಗ್‌ನಲ್ಲಿ ಚುಕ್ಕಿ, ಅಲ್ಪವಿರಾಮ, ಅಡ್ಡಗೆರೆ, ಖಾಲಿ ಜಾಗ ಯಾವುದೂ ನಡೆಯುವುದಿಲ್ಲ. ಅಲ್ಲಿಗೆ ಪದ ಮುಗಿಯಿತು ಅಂತ ಲೆಕ್ಕ. ನಮ್ಮ ಊರಿನಲ್ಲಿ ಇದು ದೊಡ್ಡ ಸಮಸ್ಯೆ. ಜೆ.ಪಿ. ನಗರ, ಬಿ.ಟಿ.ಎಂ., ಎಚ್.ಎಸ್.ಆರ್., ವಿ.ವಿ. ಪುರ, ಅರ್ಧ ಬೆಂಗಳೂರೇ ಚುಕ್ಕಿಗಳ ಮೇಲೆ ನಿಂತಿದೆ. ಅಡಿಗೆರೆ ಒಂದಕ್ಕೆ ಮಾತ್ರ ಅವಕಾಶ ಇದೆ. #ಕೆಆರ್_ಮಾರ್ಕೆಟ್, #ಜೆಪಿ_ನಗರ, #ವಿವಿ_ಪುರ ಅಂತ ಬರೆಯಿರಿ.

ಅಡಿಗೆರೆಯಿಂದ ಇನ್ನೊಂದು ಉಪಕಾರವಿದೆ. ಕಣ್ಣು ಕಾಣದವರು ಫೋನನ್ನು ಸ್ಕ್ರೀನ್ ರೀಡರ್ ಮೂಲಕ ಕೇಳಿಸಿಕೊಳ್ಳುತ್ತಾರೆ. ಮೂರು ನಾಲ್ಕು ಪದ ಅಂಟಿಸಿ ಬರೆದರೆ ಅದು ಒಂದೇ ಉಸಿರಿನಲ್ಲಿ ಓದಿಬಿಡುತ್ತದೆ, ಏನೂ ಅರ್ಥವಾಗುವುದಿಲ್ಲ. ಇಂಗ್ಲಿಷಿನಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು ಮಾಡಿ ಇದನ್ನು ಸರಿ ಮಾಡುತ್ತಾರೆ. ಕನ್ನಡದಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಇಲ್ಲ, ಹಾಗಾಗಿ ಅಡಿಗೆರೆಯೇ ನಮಗೆ ದಾರಿ.

ಸರ್ಕಾರಿ ಹೆಸರು ಹಾಕಬೇಕಾ, ಜನ ಕರೆಯುವ ಹೆಸರು ಹಾಕಬೇಕಾ?

ಜನ ಕರೆಯುವ ಹೆಸರು ಮೊದಲು. ಕಬ್ಬನ್ ಪಾರ್ಕಿಗೆ ದಾಖಲೆಯಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರು. ಹಾಗಂತ ಹುಡುಕುವವರು ಎಷ್ಟು ಜನ? ಕೆಂಪೇಗೌಡ ಬಸ್ ನಿಲ್ದಾಣ ನಮ್ಮೆಲ್ಲರ ಬಾಯಲ್ಲಿ ಮೆಜೆಸ್ಟಿಕ್. ಲಾಲ್‌ಬಾಗ್‌ನಲ್ಲಿ ಜನವರಿಯಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ನಡೆಯುವುದು ಆಮಂತ್ರಣದಲ್ಲಿ ‘ಫಲಪುಷ್ಪ ಪ್ರದರ್ಶನ’, ಮನೆಯಲ್ಲಿ ‘ಫ್ಲವರ್ ಶೋ’. ಇಂಥ ಕಡೆ ಎರಡನ್ನೂ ಹಾಕಿ, ಖರ್ಚೇನೂ ಇಲ್ಲ.

ಹಳೆಯ ಹೆಸರುಗಳನ್ನು ಮಾತ್ರ ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳ ಫೋಟೋ ಹಾಕುವಾಗ #ಅವೆನ್ಯೂ_ರಸ್ತೆ ಜೊತೆಗೆ #ದೊಡ್ಡಪೇಟೆ ಅಂತಲೂ ಹಾಕಿದರೆ, ಆ ಹೆಸರು ಇನ್ನೊಂದಿಷ್ಟು ಜನರ ಕಣ್ಣಿಗೆ ಬೀಳುತ್ತದೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲು ಇದೆ. ‘ಬೆಂಗಳೂರು’ ಎಂಬ ಹೆಸರು ಅದರಲ್ಲಿ ಕೆತ್ತಿದೆ. ಆ ಕಲ್ಲಿನ ಎದುರು ನಿಂತು ಫೋಟೋ ತೆಗೆದ ದಿನ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೆ. ಆಗಿನವರು ಹೆಸರು ಬರೆಯಲು ಉಳಿ ಹಿಡಿಯಬೇಕಿತ್ತು. ನಮಗೆ ಹೆಬ್ಬೆರಳು ಸಾಕು.

ಇಂಗ್ಲಿಷ್ ಅಕ್ಷರದಲ್ಲೂ ಹಾಕಬೇಕಾ?

ಒಂದೆರಡು ಹಾಕಿ. ಹೊರಗಿನಿಂದ ಬಂದವರು, ಕನ್ನಡ ಓದಲು ಬಾರದ ನಮ್ಮದೇ ಮಕ್ಕಳು ಹಾಗೆಯೇ ಹುಡುಕುತ್ತಾರೆ. ಇಂಗ್ಲಿಷಿನಲ್ಲೂ ಊರಿನ ಹೆಸರು ‘ಬೆಂಗಳೂರು’ ಎಂದು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಆದರೂ ‘ಬ್ಯಾಂಗಲೋರ್’ ಅಂತ ಹುಡುಕುವವರು ಇನ್ನೂ ಬಹಳ ಇದ್ದಾರೆ.

ಎಷ್ಟು ಹಾಕಬೇಕು?

ಮೂರರಿಂದ ಐದು ಸಾಕು. ಇನ್‌ಸ್ಟಾಗ್ರಾಂ ಬಹಳ ವರ್ಷ ಒಂದು ಪೋಸ್ಟ್‌ಗೆ 30ರವರೆಗೆ ಬಿಡುತ್ತಿತ್ತು. 2021ರಲ್ಲಿ ಅವರೇ 3ರಿಂದ 5 ಸಾಕು ಅಂದರು. ನನ್ನ ಲೆಕ್ಕ ಹೀಗಿದೆ: ಜಾಗ ಒಂದು, ವಿಷಯ ಒಂದು, ಸಂದರ್ಭ ಅಥವಾ ವರ್ಷ ಒಂದು, ಗುಂಪಿನದು ಒಂದು. ಉದಾಹರಣೆಗೆ ದೊಡ್ಡ ಬಸವನ ಗುಡಿಯ ಹತ್ತಿರದ ಪರಿಷೆಯ ಫೋಟೋಗೆ #ಬಸವನಗುಡಿ #ಕಡಲೆಕಾಯಿ_ಪರಿಷೆ #ಕಡಲೆಕಾಯಿ_ಪರಿಷೆ_2025, ಜೊತೆಗೆ ಗುಂಪಿನದು. ಇಷ್ಟೇ.

ತೀರಾ ಅಗಲವಾದ ಪದದಿಂದ ಉಪಯೋಗ ಕಡಿಮೆ. #ಕರಗ ಅಂತ ಮಾತ್ರ ಹಾಕಿದರೆ ಕೋಲಾರ, ಹೊಸಕೋಟೆ, ಆನೇಕಲ್ ಕರಗಗಳೆಲ್ಲ ಒಟ್ಟಿಗೆ ಬರುತ್ತವೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯ ಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗ ಬೇಕಾದವರಿಗೆ #ಬೆಂಗಳೂರು_ಕರಗ ಬೇಕು. ಅದು ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗುವ ಗಳಿಗೆಯ ಫೋಟೋ ಇದ್ದರೆ, ಅದಕ್ಕೆ ದರ್ಗಾದ ಹೆಸರನ್ನೂ ಹಾಕಿ. ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ.

ನಮ್ಮ ಗುಂಪಿಗೆ ಸ್ವಂತ ಹ್ಯಾಶ್‌ಟ್ಯಾಗ್ ಮಾಡಿಕೊಳ್ಳುವುದು ಹೇಗೆ?

ಮೊದಲು ಆ ಪದವನ್ನು ಹುಡುಕಿ ನೋಡಿ. ಬೇರೆ ಯಾರೋ ಬೇರೆ ಯಾವುದಕ್ಕೋ ಬಳಸುತ್ತಿದ್ದರೆ ಬಿಟ್ಟುಬಿಡಿ. ಹ್ಯಾಶ್‌ಟ್ಯಾಗ್‌ಗೆ ಒಡೆಯರಿಲ್ಲ. ನೀವು ಶುರು ಮಾಡಿದ್ದನ್ನು ಯಾರು ಬೇಕಾದರೂ ಬಳಸಬಹುದು, ತಡೆಯಲು ಆಗುವುದಿಲ್ಲ.

ಮೊದಲೇ ಒಂದು ಟ್ಯಾಗ್ ಮಾತಾಡಿಕೊಳ್ಳುವುದು ಎಷ್ಟು ಮುಖ್ಯ ಅಂತ ನಾನು ಕಲಿತದ್ದು ಕಾರ್ತಿಕ ಮಾಸದ ಕೊನೆಯ ಸೋಮವಾರ. ಆ ವರ್ಷ ಪರಿಷೆಗೆ ನಾವು ಒಂಬತ್ತು ಜನ ಹೋಗಿದ್ದೆವು. ಒಬ್ಬರು ‘ಕಡಲೆಕಾಯಿ’, ಇನ್ನೊಬ್ಬರು ‘ಕಳ್ಳೇಕಾಯಿ’, ಮತ್ತೊಬ್ಬರು ‘ಕಡ್ಲೆಕಾಯಿ’, ಉಳಿದವರು ಇಂಗ್ಲಿಷಿನಲ್ಲಿ ತಮಗೆ ತೋಚಿದ ಹಾಗೆ ಹಾಕಿದರು. ಎಲ್ಲವೂ ನಮ್ಮ ಮನೆಗಳಲ್ಲಿ ಆಡುವ ಮಾತೇ, ತಪ್ಪು ಯಾವುದೂ ಇಲ್ಲ. ಆದರೆ ಮೂರು ತಿಂಗಳಾದ ಮೇಲೆ ಫೋಟೋಗಳನ್ನೆಲ್ಲ ಒಟ್ಟು ಮಾಡಿ, ಅಂದು ನಮ್ಮ ಜೊತೆ ಮಾತಾಡಿದ್ದ ವ್ಯಾಪಾರಿ ಅಜ್ಜಿಗೆ ಪ್ರಿಂಟ್ ಕೊಡೋಣ ಅಂತ ಹೊರಟಾಗ, ಅವರ ಒಳ್ಳೆಯ ಫೋಟೋ ಯಾರ ಹತ್ತಿರ ಇದೆ ಅಂತ ಸಿಗಲೇ ಇಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, ಕೊನೆಗೆ ಸಿಕ್ಕಿತು. ಆದರೆ ಅಷ್ಟರಲ್ಲಿ ಮುಂದಿನ ಪರಿಷೆಯೇ ಬಂದಿತ್ತು, ಆ ವರ್ಷ ಅಜ್ಜಿ ಬಂದಿರಲಿಲ್ಲ. ಪ್ರಿಂಟ್ ಇನ್ನೂ ನನ್ನ ಹತ್ತಿರವೇ ಇದೆ.

ಈಗ ಹೊರಡುವ ಮುಂಚೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟ್ಯಾಗ್ ಕಳಿಸುತ್ತೇವೆ. ಎಲ್ಲರೂ ಅದನ್ನೇ ಕಾಪಿ ಮಾಡಿ ಅಂಟಿಸಬೇಕು, ಯಾರೂ ಮತ್ತೆ ಟೈಪ್ ಮಾಡುವಂತಿಲ್ಲ. ಮೇಲೆ ಹೇಳಿದ ಸೊನ್ನೆ, ಕಾಣದ ಅಕ್ಷರ ಎಲ್ಲ ತೊಡಕೂ ಇದರಿಂದ ಒಂದೇ ಏಟಿಗೆ ಹೋಗುತ್ತದೆ.

ಮದುವೆಗೆ ಹ್ಯಾಶ್‌ಟ್ಯಾಗ್ ಮಾಡಿಸುತ್ತಿದ್ದಾರೆ. ಬೇಕಾ?

ಬಂದವರು ತೆಗೆದ ಫೋಟೋ ಒಟ್ಟಾಗಿ ನೋಡಲು ಸಿಗುತ್ತದೆ, ನಿಜ. ಆದರೆ ಗಂಡು ಹೆಣ್ಣಿನ ಹೆಸರು ಮಾತ್ರ ಸೇರಿಸಿದರೆ ಅದೇ ಹೆಸರಿನ ಇನ್ನೊಂದು ಜೋಡಿಯ ಫೋಟೋಗಳೂ ಬೆರೆಯುತ್ತವೆ. ವರ್ಷ ಅಥವಾ ಊರಿನ ಹೆಸರು ಸೇರಿಸಿ. ಮನೆಯವರಿಗೆ ಮಾತ್ರ ಸಾಕು ಅಂದರೆ ಹ್ಯಾಶ್‌ಟ್ಯಾಗ್ ಬೇಡವೇ ಬೇಡ. ಗೂಗಲ್ ಫೋಟೋಸ್‌ನಲ್ಲಿ ಒಂದು ಹಂಚಿದ ಆಲ್ಬಂ ಮಾಡಿ, ಲಿಂಕ್ ಕಳಿಸಿ.

ಹ್ಯಾಶ್‌ಟ್ಯಾಗ್ ಹಾಕಿದರೆ ಲೈಕ್ ಜಾಸ್ತಿ ಬರುತ್ತದಾ?

ಅದನ್ನು ನಂಬಿ ಕೂರಬೇಡಿ. ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿಯವರೇ ಹ್ಯಾಶ್‌ಟ್ಯಾಗ್‌ನಿಂದ ಪೋಸ್ಟ್ ಹೆಚ್ಚು ಜನರನ್ನು ತಲುಪುತ್ತದೆ ಅಂತೇನಿಲ್ಲ ಎಂದಿದ್ದಾರೆ. ಫೋಟೋಗೆ ಸಂಬಂಧವಿಲ್ಲದ, ಆ ದಿನ ಓಡುತ್ತಿರುವ ಪದವನ್ನು ತಂದು ಅಂಟಿಸುವುದಂತೂ ಹುಡುಕುವವರಿಗೆ ಮಾಡುವ ಅನ್ಯಾಯ. ಬನಶಂಕರಿ ಬಸ್ಸಿಗೆ ಯಶವಂತಪುರದ ಬೋರ್ಡು ಹಾಕಿದರೆ ಹೇಗಿರುತ್ತದೆ?

ನನ್ನ ಫೋಟೋಗಳನ್ನೆಲ್ಲ ಹ್ಯಾಶ್‌ಟ್ಯಾಗ್ ಹಾಕಿ ಇನ್‌ಸ್ಟಾದಲ್ಲೇ ಇಟ್ಟರೆ ಸಾಲದೇ?

ಸಾಲದು. ಹ್ಯಾಶ್‌ಟ್ಯಾಗ್ ಇರುವುದು ಪೋಸ್ಟ್‌ನಲ್ಲಿ, ಫೋಟೋದ ಒಳಗಲ್ಲ. ಯಾರಾದರೂ ಫೋಟೋ ಮಾತ್ರ ಉಳಿಸಿಕೊಂಡರೆ ಹೆಸರು, ಜಾಗ, ವರ್ಷ ಎಲ್ಲ ಹಿಂದೆಯೇ ಉಳಿಯುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗೆ ಹಾಕಿದಾಗ ಫೋಟೋ ಚಿಕ್ಕದಾಗುತ್ತದೆ. ಕ್ಯಾಮೆರಾ ಬರೆದಿಟ್ಟ ದಿನಾಂಕ, ಜಾಗದ ಮಾಹಿತಿಯೂ ಆ ಕಾಪಿಯಲ್ಲಿ ಉಳಿಯುವುದಿಲ್ಲ.

ಕಂಪನಿಗಳ ನಿಯಮವೂ ಬದಲಾಗುತ್ತಲೇ ಇರುತ್ತದೆ. ಹ್ಯಾಶ್‌ಟ್ಯಾಗ್ ಅನ್ನೇ ಫಾಲೋ ಮಾಡುವ ಅವಕಾಶ ಇನ್‌ಸ್ಟಾಗ್ರಾಂನಲ್ಲಿ 2017ರ ಡಿಸೆಂಬರ್‌ನಲ್ಲಿ ಬಂತು, 2024ರ ಡಿಸೆಂಬರ್‌ನಲ್ಲಿ ಹೋಯಿತು. ಫ್ಲಿಕರ್ 2019ರಲ್ಲಿ ಉಚಿತ ಖಾತೆಗೆ 1000 ಫೋಟೋಗಳ ಮಿತಿ ಹಾಕಿತು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು.

ಅದಕ್ಕೇ ಮೂಲ ಫೋಟೋ ನಿಮ್ಮ ಹತ್ತಿರ, ಹಾರ್ಡ್ ಡಿಸ್ಕಿನಲ್ಲಿ ಇರಲಿ. ಫೈಲಿನ ಹೆಸರಿನಲ್ಲೇ ದಿನಾಂಕ ಮತ್ತು ಜಾಗ ಬರೆಯಿರಿ. ಕಂಪ್ಯೂಟರ್ ಬಳಸುವವರು ಫೋಟೋ ತಂತ್ರಾಂಶದಲ್ಲಿ ಕೀವರ್ಡ್ ಹಾಕಬಹುದು. ಅದು ಫೈಲಿನ ಜೊತೆಗೇ ಹೋಗುವ ಹಾಗೆ ಉಳಿಸಬಹುದು. ಶಾಸನ, ಗುಡಿ, ಕೆರೆ, ಹಳೆಯ ಕಟ್ಟಡದ ಒಳ್ಳೆಯ ಫೋಟೋ ಇದ್ದರೆ ವಿಕಿಪೀಡಿಯದ ಚಿತ್ರಗಳ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್‌ಗೂ ಹಾಕಿ. ಅಲ್ಲಿ ಹ್ಯಾಶ್‌ಟ್ಯಾಗ್ ಬದಲು ವರ್ಗಗಳಿವೆ, ಕನ್ನಡದಲ್ಲೇ ವಿವರ ಬರೆಯಬಹುದು. ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯಲ್ಲಿ ಕೊಡಬೇಕು, ಅದಕ್ಕೆ ಮನಸ್ಸು ಒಪ್ಪಿದರೆ ಮಾತ್ರ.

ಊರಿನ ಸಮಸ್ಯೆಗಳಿಗೆ ಹ್ಯಾಶ್‌ಟ್ಯಾಗ್ ಹಾಕಿದರೆ ಏನಾದರೂ ಆಗುತ್ತದಾ?

ಬೆಂಗಳೂರಿನಲ್ಲೇ ಆಗಿದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ 812 ಮರ ಬೀಳುತ್ತವೆ ಅಂತ ಗೊತ್ತಾಯಿತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬುದೇ ಹ್ಯಾಶ್‌ಟ್ಯಾಗ್ ಆಯಿತು. ಅಕ್ಟೋಬರ್ 16ರಂದು ಜನ ರಸ್ತೆಗಿಳಿದು ಮಾನವ ಸರಪಳಿ ಮಾಡಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ 2017ರಲ್ಲಿ ‘ನಮ್ಮ ಮೆಟ್ರೋ ಹಿಂದಿ ಬೇಡ’ ಅಂತ ಜನ ನಿಲ್ದಾಣದ ಫಲಕಗಳ ಫೋಟೋ ಸಮೇತ ಕೇಳಿದರು. ಫಲಕಗಳಿಂದ ಹಿಂದಿ ಹೋಯಿತು. ಬೀದಿಯಲ್ಲಿ ನಿಂತವರು, ಕೋರ್ಟಿಗೆ ಹೋದವರು, ಪತ್ರ ಬರೆದವರು ಎಲ್ಲರ ಶ್ರಮ ಇದರ ಹಿಂದಿದೆ. ಚದುರಿದ ಫೋಟೋ, ಮಾತುಗಳನ್ನು ಒಂದು ಹೆಸರಿನ ಕೆಳಗೆ ತಂದದ್ದು ಟ್ಯಾಗ್. ಎರಡರಲ್ಲೂ ಇಂಗ್ಲಿಷ್ ಅಕ್ಷರದ ನಡುವೆ ನಮ್ಮ ‘ಬೇಡ’ ಇತ್ತು ಅನ್ನುವುದು ನನಗೆ ತುಂಬಾ ಇಷ್ಟ.

ಒಂದು ಎಚ್ಚರಿಕೆ. ಮಳೆ ಬಂದು ರಸ್ತೆ ಮುಳುಗಿದಾಗ ಹಳೆಯ ಫೋಟೋಗಳೂ ಹೊಸ ಟ್ಯಾಗ್ ಹೊತ್ತು ಓಡಾಡುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು ಕಡೆ ನೀರು ನಿಂತ ಚಿತ್ರಗಳನ್ನು ಇವತ್ತಿನದು ಅಂತ ಹಾಕಿದರೆ ನಂಬುವವರು ಇರುತ್ತಾರೆ. ಮನೆಗೆ ಹೋಗಲು ದಾರಿ ಹುಡುಕುತ್ತಿರುವವರಿಗೆ ಅದರಿಂದ ತೊಂದರೆ. ದಿನ, ಹೊತ್ತು, ಜಾಗ ಮೂರನ್ನೂ ಬರೆಯದೆ ಮಳೆಯ ಫೋಟೋ ಹಾಕಬೇಡಿ.

ಖಾತೆ ಪ್ರೈವೇಟ್ ಇದೆ. ನನ್ನ ಟ್ಯಾಗ್ ಬೇರೆಯವರಿಗೆ ಕಾಣುತ್ತದಾ?

ಇಲ್ಲ. ನಿಮ್ಮನ್ನು ಫಾಲೋ ಮಾಡುವವರಿಗೆ ಮಾತ್ರ.

ಯಾವುದಕ್ಕೆ ಟ್ಯಾಗ್ ಹಾಕಬಾರದು?

ಮಕ್ಕಳ ಫೋಟೋ ಜೊತೆ ಶಾಲೆಯ ಹೆಸರು ಬೇಡ. ಮನೆಯ ಮುಂದಿನ ರಂಗೋಲಿ ಚೆನ್ನಾಗಿದೆ ಅಂತ ಹಾಕುವಾಗ ಅಡ್ಡರಸ್ತೆಯ ನಂಬರ್‌ವರೆಗೆ ಬರೆಯಬೇಡಿ. ಗೂಡಿನಲ್ಲಿ ಕೂತ ಹಕ್ಕಿಯ ಫೋಟೋ ಆದರೆ ಕೆರೆಯ ಯಾವ ಮೂಲೆ ಅಂತ ಹೇಳಬೇಡಿ, ಮರುದಿನವೇ ಹತ್ತು ಕ್ಯಾಮೆರಾ ಬಂದು ನಿಲ್ಲುತ್ತವೆ. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವವರ ಮುಖ ತೆಗೆಯುವ ಮುಂಚೆ ಕೇಳಿ. ‘ಅಮ್ಮ, ಒಂದು ಫೋಟೋ ತೆಗೀಲಾ, ಆಮೇಲೆ ಇಂಟರ್‌ನೆಟ್ಟಿಗೆ ಹಾಕಬಹುದಾ’ ಅಂತ ಎರಡನ್ನೂ ಕೇಳಬೇಕು. ಬೇಡ ಅಂದರೆ ಬೇಡ.

ಟ್ಯಾಗ್ ಹಾಕಿದೆ, ಯಾರೋ ನನ್ನ ಫೋಟೋ ಎತ್ತಿಕೊಂಡರು. ಹಕ್ಕು ಹೋಯಿತಾ?

ಹೋಗಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಫೋಟೋದ ಹಕ್ಕು ತೆಗೆದವರದು. ತೆಗೆದವರು ಇರುವಷ್ಟು ಕಾಲ, ಅವರು ತೀರಿಕೊಂಡ ಮರುವರ್ಷದಿಂದ ಮತ್ತೆ 60 ವರ್ಷ ಅದು ಇರುತ್ತದೆ. ಹ್ಯಾಶ್‌ಟ್ಯಾಗ್ ಹಾಕಿದ್ದು ಒಪ್ಪಿಗೆ ಕೊಟ್ಟ ಹಾಗಲ್ಲ. ಹೆಚ್ಚಿನ ಸಲ ನೇರವಾಗಿ, ಮರ್ಯಾದೆಯಿಂದ ಕೇಳಿದರೆ ಹೆಸರು ಹಾಕುತ್ತಾರೆ ಅಥವಾ ತೆಗೆಯುತ್ತಾರೆ. ಆಗದಿದ್ದರೆ ಆಯಾ ಆ್ಯಪ್‌ನಲ್ಲಿ ದೂರು ಕೊಡುವ ದಾರಿ ಇದೆ.

ತಾತನ ಕಾಲದ ಆಲ್ಬಂ ಸ್ಕ್ಯಾನ್ ಮಾಡುತ್ತಿದ್ದೇನೆ. ಅವಕ್ಕೆ ಹೇಗೆ ಟ್ಯಾಗ್ ಹಾಕಲಿ?

ಇಂಥ ಪ್ರಶ್ನೆ ಬಂದಾಗ ನನಗೆ ತುಂಬಾ ಖುಷಿಯಾಗುತ್ತದೆ. ಮೊದಲು ಫೋಟೋದ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದ ಹೆಸರು ಅಲ್ಲೇ ಇರುತ್ತದೆ. ಮನೆಯ ಹಿರಿಯರ ಪಕ್ಕ ಕೂತು, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ. ಇದನ್ನು ನಾಳೆಗೆ ಇಡಬೇಡಿ. ಟ್ಯಾಗ್‌ನಲ್ಲಿ ಫೋಟೋ ತೆಗೆದ ವರ್ಷ ಇರಲಿ, ಹಾಕಿದ ವರ್ಷ ಬೇಡ. ವರ್ಷ ಖಚಿತ ಇಲ್ಲದಿದ್ದರೆ #1960ರ_ದಶಕ ಅಂತ ಬರೆಯಿರಿ. ಹಿನ್ನೆಲೆಯಲ್ಲಿ ಕಾಣುವುದಕ್ಕೂ ಟ್ಯಾಗ್ ಹಾಕಿ. ನಿಮಗೆ ಅದು ಅತ್ತೆಯ ಫೋಟೋ, ಇನ್ನೊಬ್ಬರಿಗೆ ಅದು ಅವರ ಬೀದಿಯ ಟಾಕೀಸು, ಈಗ ಇಲ್ಲದ ಸಂಪಿಗೆ ಮರ.

ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ?

ಟೆಲಿಗ್ರಾಂನಲ್ಲಿ ಟ್ಯಾಗ್ ಒತ್ತಿದರೆ ಆ ಗುಂಪಿನ ಅಂಥ ಫೋಟೋಗಳು ಸಿಗುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋದ ಕೆಳಗೆ ಪದ ಬರೆದಿದ್ದರೆ ಹುಡುಕಾಟದಲ್ಲಿ ಬರುತ್ತದೆ. ಮೂಲ ಗುಣಮಟ್ಟ ಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಹಳೆಯ ಪೋಸ್ಟ್‌ಗಳಿಗೆ ಈಗ ಟ್ಯಾಗ್ ಸೇರಿಸಬಹುದಾ?

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಎಡಿಟ್ ಒತ್ತಿ ಸೇರಿಸಬಹುದು. ಎಕ್ಸ್‌ನಲ್ಲಿ, ಅಂದರೆ 2023ರವರೆಗೆ ಟ್ವಿಟರ್ ಆಗಿದ್ದರಲ್ಲಿ, ಉಚಿತ ಖಾತೆಗೆ ಎಡಿಟ್ ಇಲ್ಲ. ಅದೇ ಪೋಸ್ಟಿಗೆ ಉತ್ತರವಾಗಿ ಟ್ಯಾಗ್ ಬರೆಯಿರಿ. ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ, ಬೇಜಾರಾಗಿ ಬಿಟ್ಟುಬಿಡುತ್ತೀರಿ. ನಾನು ರಾತ್ರಿ ಊಟವಾದ ಮೇಲೆ ದಿನಕ್ಕೆ ಹತ್ತು ಮಾಡುತ್ತೇನೆ. ಈಗ 2019ರ ಯುಗಾದಿಯವರೆಗೆ ಬಂದಿದ್ದೇನೆ.